ಟೋಪಿವಾಲ ಬಂದ ಊರು

1941ರ ಏಪ್ರಿಲ್ 26, ಶನಿವಾರ. ಅಮೆರಿಕದ ನೆವಾಡ ರಾಜ್ಯದ ಈಶಾನ್ಯ ಮೂಲೆಯಲ್ಲಿರುವ ಎಲ್ಕೊ ಎಂಬ ಸಣ್ಣ ಊರಿನ ಕಮರ್ಷಿಯಲ್ ಹೋಟೆಲಿನಲ್ಲಿ ಟೆಡ್ ಲೂಯಿಸ್ ಎಂಬ ವಾದ್ಯಗಾರ ತನ್ನ ತಂಡ ಕಟ್ಟಿಕೊಂಡು ಬಂದು ಆಟ ಆರಂಭಿಸಿದ. ಎಂಟು ದಿನಗಳ ಕರಾರು. ಸಂಭಾವನೆ 12,000 ಡಾಲರ್. ಹಿಂದಿನ ವರ್ಷದ ಜನಗಣತಿಯ ಪ್ರಕಾರ ಎಲ್ಕೊದ ಜನಸಂಖ್ಯೆ 4,094.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಸುಗೂಸಿನಿಂದ ಹಿಡಿದು ಹಣ್ಣುಹಣ್ಣು ಮುದುಕರವರೆಗೆ ಊರಿನ ಪ್ರತಿಯೊಬ್ಬರ ತಲೆಗೆ ಸುಮಾರು ಮೂರು ಡಾಲರ್ ಬೀಳುತ್ತದೆ. ಆಗ ಅಮೆರಿಕದ ಕಾನೂನು ಗೊತ್ತುಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 30 ಸೆಂಟ್. ಅಂದರೆ ಕೂಲಿಯವನ ಹತ್ತು ಗಂಟೆಯ ಬೆವರಿನಷ್ಟು ಹಣವನ್ನು ಊರಿನ ತಲೆ ತಲೆಗೂ ಲೆಕ್ಕ ಹಾಕಿ ಒಬ್ಬ ಹೋಟೆಲಿನವನು ಹಾಡುವವರಿಗೆ ಸುರಿದ. ಇದು ಹುಚ್ಚೋ ವ್ಯಾಪಾರವೋ ಎಂದು ಆ ಹೊತ್ತಿನಲ್ಲಿ ಯಾರಿಗಾದರೂ ಅನುಮಾನ ಬಂದಿದ್ದರೆ ತಪ್ಪಲ್ಲ.

ಅದು ವ್ಯಾಪಾರವೇ ಆಗಿತ್ತು. ದೊಡ್ಡ ಹೆಸರಿನ ಕಲಾವಿದರನ್ನು ಭಾರಿ ಹಣ ಕೊಟ್ಟು ಕರೆಸುವುದು, ಅವರನ್ನು ನೋಡಲು ಬಂದವರನ್ನು ಜೂಜಿನ ಮೇಜಿನ ಮುಂದೆ ಹಾಯಿಸುವುದು: ಇಂದು ಈ ಪದ್ಧತಿಯನ್ನು ಜಗತ್ತು ಲಾಸ್ ವೇಗಾಸ್‌ನ ಹೆಸರಿನಲ್ಲಿ ಗುರುತಿಸುತ್ತದೆ. ಆದರೆ ನೆವಾಡದ ಜೂಜುಕಟ್ಟೆಗಳಿಗೆ ದೇಶಪ್ರಸಿದ್ಧ ಕಲಾವಿದರು ಕಾಲಿಟ್ಟಿದ್ದು ಆ ರಾಜ್ಯದ ದಕ್ಷಿಣ ತುದಿಯ ಮರಳುಗಾಡಿನಲ್ಲಲ್ಲ, ಉತ್ತರದ ಈ ದನಗಾಹಿಗಳ ಊರಿನಲ್ಲಿ. ಎಲ್ಕೊದವರು ಇದನ್ನು ಇಂದಿಗೂ ಬಿಟ್ಟುಕೊಡುವುದಿಲ್ಲ. ಅವರು ಹೇಳುವುದರಲ್ಲಿ ಹುರುಳಿದೆ.

'ಎಲ್ಕೊ ಎಂದರೆ ಎಲ್ಲಿದೆಯಪ್ಪಾ?' ಎಂದು ನಮ್ಮ ಕಚೇರಿಯಲ್ಲೇ ಹಿರಿಯರೊಬ್ಬರು ಕೇಳಿದರು. ನಕ್ಷೆಯಲ್ಲಿ ಹುಡುಕುವವರು ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮಕ್ಕೆ ಸುಮಾರು 370 ಕಿ.ಮೀ. ಬರಬೇಕು. ಇನ್ನೊಂದು ದಿಕ್ಕಿನಿಂದಾದರೆ ರೀನೊ ಪಟ್ಟಣದಿಂದ ಪೂರ್ವಕ್ಕೆ ಸುಮಾರು 465 ಕಿ.ಮೀ. ನಡುವೆ ಹೇಳಿಕೊಳ್ಳುವಂಥ ದೊಡ್ಡ ಊರಿಲ್ಲ. ಬಯಲು, ಕುರುಚಲು ಗಿಡ, ದೂರದಲ್ಲಿ ಹಿಮ ಹೊತ್ತ ಬೆಟ್ಟಗಳು, ಹಂಬೋಲ್ಟ್ ಎಂಬ ಬಡಕಲು ನದಿ. ಸಮುದ್ರಮಟ್ಟದಿಂದ ಐದು ಸಾವಿರ ಅಡಿ ಎತ್ತರ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ.

ಇಂಥ ಕಡೆ ಊರು ಎದ್ದದ್ದು ರೈಲಿನ ಕೃಪೆಯಿಂದ. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ಹಳಿಯನ್ನು ಹಾಕುತ್ತ ಬಂದ ಸೆಂಟ್ರಲ್ ಪೆಸಿಫಿಕ್ ಕಂಪೆನಿ 1868ರ ಕೊನೆಗೆ ಇಲ್ಲಿ ತಲುಪಿತು. ನಿವೇಶನಗಳನ್ನು ಅಳೆದು ಮಾರಿತು. ಡೇರೆಗಳೆದ್ದವು, ಡೇರೆಗಳ ಜಾಗದಲ್ಲಿ ಮರದ ಕಟ್ಟಡಗಳೆದ್ದವು. ಕಮರ್ಷಿಯಲ್ ಹೋಟೆಲ್ ತನ್ನ ಮೂಲವನ್ನು 1869ಕ್ಕೇ ಒಯ್ಯುತ್ತದೆ. ಮುಂದೆ ಎರಡನೆಯ ರೈಲು ಕಂಪೆನಿಯೂ ಬಂತು. ಮೋಟಾರು ಕಾಲ ಬಂದಾಗ 40ನೆಯ ನಂಬರಿನ ಹೆದ್ದಾರಿ ಊರಿನ ನಡುವೆಯೇ ಹಾದುಹೋಯಿತು. 1926ರ ಏಪ್ರಿಲ್ 6ರಂದು ವಾರ್ನಿ ಕಂಪೆನಿಯ ಪುಟ್ಟ ವಿಮಾನವೊಂದು ವಾಷಿಂಗ್ಟನ್ ರಾಜ್ಯದ ಪಾಸ್ಕೊದಿಂದ ಅಂಚೆ ಹೊತ್ತು ಬಾಯ್ಸಿ ಮಾರ್ಗವಾಗಿ ಎಲ್ಕೊಗೆ ಬಂದಿಳಿಯಿತು. ಕರಾರಿನ ಮೇಲೆ ಖಾಸಗಿಯವರು ನಡೆಸಿದ ಅಂಚೆ ಸಾಗಣೆಯ ಚರಿತ್ರೆಯಲ್ಲಿ ಆ ಹಾರಾಟಕ್ಕೆ ದೊಡ್ಡ ಹೆಸರಿದೆ. ಒಟ್ಟಿನಲ್ಲಿ ಊರು ಸಣ್ಣದಾದರೂ ದಾರಿಯ ಮೇಲಿನ ಊರು. ಶಿಕಾಗೊ ಕಡೆಯಿಂದ ಕ್ಯಾಲಿಫೋರ್ನಿಯಕ್ಕೆ ಹೋಗುವವರ ರೈಲು ಇಲ್ಲಿ ನಿಲ್ಲುತ್ತಿತ್ತು. ಆ ರೈಲುಗಳಲ್ಲಿ ವ್ಯಾಪಾರಿಗಳಿರುತ್ತಿದ್ದರು, ಸೈನಿಕರಿರುತ್ತಿದ್ದರು, ಹಾಲಿವುಡ್ಡಿಗೆ ಹೊರಟ ನಟರೂ ವಾದ್ಯಗಾರರೂ ಇರುತ್ತಿದ್ದರು. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸುತ್ತಮುತ್ತ ಇದ್ದವರು ದನ ಮತ್ತು ಕುರಿ ಸಾಕುವವರು. ದೊಡ್ಡ ಒಡೆಯರಿಗೆ ಸಾವಿರಗಟ್ಟಲೆ ಎಕರೆ ಹುಲ್ಲುಗಾವಲು; ಅವರ ಕೈಕೆಳಗೆ ಕುದುರೆಯ ಮೇಲೆ ದನ ಮೇಯಿಸುವ ಕೌಬಾಯ್‌ಗಳು. ಕುರಿ ಕಾಯಲು ಸ್ಪೇನ್, ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನಿಂದ ಬಂದ ಬಡವರು. ತಿಂಗಳುಗಟ್ಟಲೆ ಬೆಟ್ಟದಲ್ಲಿ ಕುರಿಗಳ ಹೊರತು ಇನ್ನೊಂದು ಜೀವದ ಮುಖ ಕಾಣದ ಈ ಬಾಸ್ಕ್ ಕುರುಬರಿಗೆ ಊರಿನಲ್ಲಿ ಅವರದೇ ಹೋಟೆಲುಗಳಿದ್ದವು. 1910ರಲ್ಲಿ ತೆರೆದ ಸ್ಟಾರ್ ಹೋಟೆಲ್ ಅಂಥದೊಂದು. ಉದ್ದನೆಯ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ ಕೂತು ಊಟ, ತಮ್ಮ ಭಾಷೆಯಲ್ಲಿ ಮಾತು, ಇಸ್ಪೀಟು, ಹಾಡು. ಕ್ಯಾಸಿನೊ ಎಂಬುದಕ್ಕಿಂತ ಮೊದಲಿನ ಹೋಟೆಲ್ ಮನರಂಜನೆ ಎಂದರೆ ಇದು. ಇದಕ್ಕೆ ಯಾರೂ ಟಿಕೆಟ್ ಇಟ್ಟಿರಲಿಲ್ಲ.

ಇನ್ನು ಜೂಜಿನ ಮಾತು. ನೆವಾಡದಲ್ಲಿ 1869ರಿಂದ ಜೂಜಿಗೆ ಕಾನೂನಿನ ಒಪ್ಪಿಗೆ ಇತ್ತು. ಸುಧಾರಕರ ಒತ್ತಾಯಕ್ಕೆ ಮಣಿದು 1910ರ ಅಕ್ಟೋಬರಿನಿಂದ ಅದನ್ನು ನಿಷೇಧಿಸಿದರು. ನಿಷೇಧದಿಂದ ಜೂಜು ನಿಲ್ಲಲಿಲ್ಲ, ಹಿಂದಿನ ಕೋಣೆಗೆ ಹೋಯಿತು, ಅಷ್ಟೆ. ಕಣ್ಣು ಮುಚ್ಚಿಕೊಳ್ಳಲು ಯಾರಿಗೆ ಎಷ್ಟು ಕೊಡಬೇಕೋ ಅಷ್ಟು ಕೊಟ್ಟು ಆಟ ನಡೆಯುತ್ತಲೇ ಇತ್ತು. 1930ರಲ್ಲಿ ಇಡೀ ರಾಜ್ಯದ ಜನಸಂಖ್ಯೆ ಒಂದು ಲಕ್ಷವೂ ಇರಲಿಲ್ಲ, ಗಣಿಗಳು ಬತ್ತಿದ್ದವು, ದೇಶದಲ್ಲಿ ಆರ್ಥಿಕ ಕುಸಿತ. ಹೇಗೂ ನಡೆಯುತ್ತಿರುವುದಕ್ಕೆ ಲೈಸೆನ್ಸ್ ಕೊಟ್ಟರೆ ಬೊಕ್ಕಸಕ್ಕಾದರೂ ಕಾಸು ಬರುತ್ತದಲ್ಲ ಎಂಬ ವಾದ ಗೆದ್ದಿತು. ಮಸೂದೆ ಮಂಡಿಸಿದವನು ಎಲ್ಕೊದ ಪಕ್ಕದ ಹಂಬೋಲ್ಟ್ ಕೌಂಟಿಯ ದನ ಸಾಕುವ ಒಡೆಯ ಫಿಲ್ ಟೋಬಿನ್. 1931ರ ಮಾರ್ಚ್ 19ರಂದು ಗವರ್ನರ್ ಫ್ರೆಡ್ ಬಾಲ್ಜರ್ ಸಹಿ ಹಾಕಿದ. ಅದೇ ವರ್ಷ ವಿಚ್ಛೇದನಕ್ಕೆ ಬೇಕಾದ ವಾಸದ ಅವಧಿಯನ್ನೂ ಆರು ವಾರಕ್ಕೆ ಇಳಿಸಿದರು. ಬೇರೆ ರಾಜ್ಯಗಳು ಬೇಡವೆಂದದ್ದನ್ನೆಲ್ಲ ಮಾರಿ ಬದುಕುವುದು ನೆವಾಡದ ಹಾದಿಯಾಯಿತು.

ಕಮರ್ಷಿಯಲ್ ಹೋಟೆಲನ್ನು ನ್ಯೂಟನ್ ಕ್ರಮ್ಲಿ ಎಂಬಾತ 1925ರಲ್ಲಿ ಕೊಂಡಿದ್ದ. ಆತನ ಮಗನ ಹೆಸರೂ ನ್ಯೂಟನ್ ಕ್ರಮ್ಲಿಯೇ. ಅಪ್ಪನದು ಹಳೆಯ ಪಶ್ಚಿಮದ ಅನುಭವ. ಮಗ ಹೊಸ ಕಾಲದವನು. ಕಾನೂನು ಬದಲಾದ ಮೇಲೆ ಹೋಟೆಲಿನಲ್ಲಿ ಜೂಜಿನ ಮೇಜುಗಳು ಬಹಿರಂಗವಾಗಿ ಬಂದವು. 1937ರಲ್ಲಿ ಕಟ್ಟಡ ವಿಸ್ತರಿಸಿ, ಕುಡಿಯುತ್ತ ಸಂಗೀತ ಕೇಳುವ ಲೌಂಜನ್ನು ಸೇರಿಸಿದರು.

ಇಲ್ಲಿ ಜೂಜಿನ ವ್ಯಾಪಾರದ ಒಂದು ಗುಟ್ಟನ್ನು ಬಿಡಿಸಿ ಹೇಳಬೇಕು. ದಿನಸಿ ಅಂಗಡಿಯವನು ಒಳ್ಳೆಯ ಅಕ್ಕಿ ತರಿಸಿ ಪಕ್ಕದ ಅಂಗಡಿಯ ಗಿರಾಕಿಯನ್ನು ಸೆಳೆಯಬಹುದು. ಜೂಜುಕಟ್ಟೆಯವನಿಗೆ ಆ ಅನುಕೂಲ ಕಡಿಮೆ. ದಾಳಕ್ಕೆ ಎಲ್ಲಿ ಹೋದರೂ ಆರೇ ಮುಖ. ಇಸ್ಪೀಟಿನ ಕಟ್ಟಿಗೆ ಐವತ್ತೆರಡೇ ಎಲೆ. ಅಮೆರಿಕದ ರೂಲೆಟ್ ಚಕ್ರಕ್ಕೆ ಮೂವತ್ತೆಂಟು ಮನೆ: 1ರಿಂದ 36, ಜೊತೆಗೆ ಒಂದು ಸೊನ್ನೆ, ಒಂದು ಜೋಡಿಸೊನ್ನೆ. ಒಂದೇ ಅಂಕಿಯ ಮೇಲೆ ಡಾಲರ್ ಇಟ್ಟು ಗೆದ್ದರೆ 35 ಡಾಲರ್ ಸಿಗುತ್ತದೆ. ನ್ಯಾಯವಾಗಿ ಸಿಗಬೇಕಾದ್ದು 37. ಆ ಎರಡು ಡಾಲರಿನ ವ್ಯತ್ಯಾಸವೇ ಮಾಲೀಕನ ಅನ್ನ. ಲೆಕ್ಕ ಹಾಕಿದರೆ, ಪಣಕ್ಕಿಟ್ಟ ಪ್ರತಿ ನೂರು ಡಾಲರಿಗೆ ಸರಾಸರಿ 5 ಡಾಲರ್ 26 ಸೆಂಟ್ ಗಲ್ಲಾಪೆಟ್ಟಿಗೆಯಲ್ಲಿ ಉಳಿಯುತ್ತದೆ. ಮೋಸ ಬೇಕಿಲ್ಲ. ಗಿರಾಕಿ ಬಂದು ಕೂತರೆ ಸಾಕು, ಹೆಚ್ಚು ಹೊತ್ತು ಕೂತರೆ ಇನ್ನೂ ಒಳ್ಳೆಯದು.

ಈಗ 12,000 ಡಾಲರನ್ನು ಈ ಚಕ್ರದಿಂದಲೇ ಹುಟ್ಟಿಸಬೇಕಾದರೆ ಎಷ್ಟು ಪಣ ಬೀಳಬೇಕು? ಎರಡು ಲಕ್ಷದ ಇಪ್ಪತ್ತೆಂಟು ಸಾವಿರ ಡಾಲರ್. ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ 28,500. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇದು 2,28,000 ಡಾಲರ್ ತಂದ ಜನ ಬೇಕು ಎಂಬ ಲೆಕ್ಕವಲ್ಲ. ಗೆದ್ದವನು ಗೆದ್ದದ್ದನ್ನು ಮತ್ತೆ ಇಡುತ್ತಾನೆ, ಸೋತವನು ಕಳೆದದ್ದನ್ನು ಹಿಂದೆ ಪಡೆಯಲು ಮತ್ತೆ ಇಡುತ್ತಾನೆ. ಒಂದೇ ಡಾಲರ್ ರಾತ್ರಿಯೊಳಗೆ ಹತ್ತಾರು ಸಲ ಮೇಜಿನ ಮೇಲೆ ಓಡಾಡುತ್ತದೆ. ಇದರ ಮೇಲೆ ಕೋಣೆ ಬಾಡಿಗೆ, ಊಟ, ಮದ್ಯ, ನಾಣ್ಯ ಹಾಕಿ ಹಿಡಿ ಎಳೆಯುವ ಯಂತ್ರಗಳ ಗಳಿಕೆ ಬೇರೆ. ಆದ್ದರಿಂದ ಹೋಟೆಲಿನವನ ಮುಂದಿದ್ದ ಪ್ರಶ್ನೆ ಒಂದೇ: ಹಾದುಹೋಗುವವರು ಇಲ್ಲೇ ಏಕೆ ಇಳಿಯಬೇಕು? ನೂರಾರು ಮೈಲಿ ದೂರದ ಹುಲ್ಲುಗಾವಲಿನ ಒಡೆಯ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೇ ಏಕೆ ಬರಬೇಕು?

ಹೆಂಡತಿಯ ಮಾತು ಸುಮ್ಮನೆ ಬಂದದ್ದಲ್ಲ. ಹಳೆಯ ಸಲೂನು ಗಂಡಸರ ಜಾಗ. ಮರ್ಯಾದಸ್ಥ ಕುಟುಂಬದ ಹೆಂಗಸು ಅದರ ಬಾಗಿಲು ದಾಟುತ್ತಿರಲಿಲ್ಲ. ರೇಡಿಯೊದಲ್ಲಿ ಕೇಳಿದ, ಸಿನಿಮಾದಲ್ಲಿ ನೋಡಿದ ಕಲಾವಿದ ಕಣ್ಣೆದುರಿಗೇ ಬರುತ್ತಾನೆ ಎಂದಾಗ ಗಂಡ ಹೆಂಡತಿ ಇಬ್ಬರೂ ಒಳ್ಳೆಯ ಬಟ್ಟೆ ತೊಟ್ಟು ಹೊರಡಲು ಒಂದು ನೆಪ ಸಿಕ್ಕಿತು. ಜೂಜುಕಟ್ಟೆಗೆ ಬಂದ ಮರ್ಯಾದೆ ಬಹುಮಟ್ಟಿಗೆ ಸಂಗೀತದ ಬೆನ್ನೇರಿ ಬಂದದ್ದು ಎಂದರೆ ಅತಿಶಯೋಕ್ತಿಯಾಗಲಾರದು.

ಮಗ ಕ್ರಮ್ಲಿ ಆರಿಸಿದ ಟೆಡ್ ಲೂಯಿಸ್ ಆ ಹೊತ್ತಿಗೆ ಐವತ್ತು ದಾಟಿದವನು. ಓಹಾಯೊ ರಾಜ್ಯದ ಸರ್ಕಲ್‌ವಿಲ್‌ನಲ್ಲಿ 1890ರಲ್ಲಿ ಹುಟ್ಟಿದವನು, ಹುಟ್ಟುಹೆಸರು ಫ್ರೀಡ್‌ಮನ್. ಕ್ಲಾರಿನೆಟ್ ನುಡಿಸುತ್ತಿದ್ದ, ಹಾಡುತ್ತಿದ್ದ. ಹಾಡಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು ಎನ್ನುವವರೂ ಇದ್ದರು. ಸಂಗೀತ ಬಲ್ಲವರು ಅವನ ಕ್ಲಾರಿನೆಟ್ಟಿಗೆ ಮೂಗು ಮುರಿಯುತ್ತಿದ್ದರು. ಆದರೆ ಜನರನ್ನು ಹಿಡಿದು ಕೂರಿಸುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಎಲ್ಲರೂ ಸುಖವಾಗಿದ್ದೀರಾ ಎಂದು ಸಭೆಯನ್ನು ಕೇಳುವುದು ಅವನ ಹೆಗ್ಗುರುತು. ಅದಕ್ಕಿಂತ ದೊಡ್ಡ ಹೆಗ್ಗುರುತು ತಲೆಯ ಮೇಲಿನ ಜಜ್ಜಿಹೋದ ಹಳೆಯ ಎತ್ತರದ ಟೋಪಿ. ಅದನ್ನು ತೋಳಿನ ಮೇಲೆ ಉರುಳಿಸುತ್ತ, ತಲೆಗೇರಿಸುತ್ತ, ಮತ್ತೆ ಉರುಳಿಸುತ್ತ ಆಟ ಕಟ್ಟುತ್ತಿದ್ದ. ನ್ಯೂಯಾರ್ಕಿನ ಬಾಡಿಗೆ ಗಾಡಿಯವನೊಬ್ಬನಿಂದ ಆ ಟೋಪಿಯನ್ನು ದಾಳದ ಆಟದಲ್ಲಿ ಗೆದ್ದದ್ದು ಎಂಬುದು ಅವನ ಬಗ್ಗೆ ಪ್ರಚಲಿತವಾಗಿದ್ದ ಕಥೆ. ಜೂಜಿನಲ್ಲಿ ಗೆದ್ದ ಟೋಪಿಯನ್ನು ಹೊತ್ತವನೇ ಜೂಜಿನ ಮನೆಗೆ ಮೊದಲ ದೊಡ್ಡ ಅತಿಥಿಯಾಗಿ ಬಂದ. ಬಂದವರಿಗೆ ಟೋಪಿ ಹಾಕುವ ಕೆಲಸವನ್ನು ಮಾತ್ರ ಅವನು ಮಾಡಲಿಲ್ಲ. ಅದನ್ನು ಪಕ್ಕದ ಮೇಜಿನವರು ನೋಡಿಕೊಂಡರು.

ಅವನ ಆಟದಲ್ಲಿ ಪ್ರಸಿದ್ಧವಾದ ಇನ್ನೊಂದು ಭಾಗವಿತ್ತು. ಲೂಯಿಸ್ ಮುಂದೆ ನಡೆದರೆ ಹಿಂದೆ ಒಬ್ಬ ಕರಿಯ ನರ್ತಕ ಅವನ ನೆರಳಾಗಿ ಅದೇ ಹೆಜ್ಜೆ, ಅದೇ ಭಂಗಿ ಮಾಡುತ್ತಿದ್ದ. ಎಡ್ಡಿ ಚೆಸ್ಟರ್ ಎಂಬಾತ ಈ ಪಾತ್ರಕ್ಕೆ ಹೆಸರಾದ. ಆ ನೆರಳಿನ ಆಟ ಅಂದಿನ ಅಮೆರಿಕದ ವಸ್ತುಸ್ಥಿತಿಯೂ ಆಗಿತ್ತು. ನೆವಾಡದ ದೊಡ್ಡ ಜೂಜು ಹೋಟೆಲುಗಳಲ್ಲಿ ಕರಿಯ ಕಲಾವಿದ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಬಹುದಿತ್ತು; ಆಟ ಮುಗಿದ ಮೇಲೆ ಅದೇ ಹೋಟೆಲಿನಲ್ಲಿ ಊಟಕ್ಕೆ ಕೂರುವಂತಿರಲಿಲ್ಲ, ಕೋಣೆ ಸಿಗುತ್ತಿರಲಿಲ್ಲ. ಲಾಸ್ ವೇಗಾಸ್‌ನ ಹೋಟೆಲುಗಳು ಈ ನಿರ್ಬಂಧವನ್ನು ಬಿಟ್ಟಿದ್ದು 1960ರ ಮಾರ್ಚಿನಲ್ಲಿ, ಅದೂ ಮೆರವಣಿಗೆ ಮಾಡುತ್ತೇವೆಂದು ಕರಿಯರ ಸಂಘಟನೆ ಎಚ್ಚರಿಸಿದ ಮೇಲೆ. ರಾಜ್ಯದ ಕಾನೂನು ಬಂದದ್ದು 1965ರಲ್ಲಿ. ಜೂಜುಕಟ್ಟೆಯ ಸಂಗೀತ ಚರಿತ್ರೆಯನ್ನು ಬರೀ ಥಳಕಿನ ಚರಿತ್ರೆಯಾಗಿ ಓದುವವರು ಇದನ್ನು ಮರೆಯುವುದೇ ಹೆಚ್ಚು.

ಲೂಯಿಸ್ ಬಂದು ಹೋದ ಮೇಲೆ ಎಲ್ಕೊಗೆ ಸಾಲು ಹತ್ತಿತು. ಸೋಫಿ ಟಕ್ಕರ್ ಬಂದಳು, ಪಾಲ್ ವೈಟ್‌ಮನ್ ತನ್ನ ವಾದ್ಯವೃಂದದೊಂದಿಗೆ ಬಂದ. ನಗೆಚಿತ್ರಗಳ ಮಾರ್ಕ್ಸ್ ಸೋದರರಲ್ಲಿ ಹಿರಿಯನಾದ ಚಿಕೊ ಬಂದ. ಈ ಚಿಕೊ ಸ್ವತಃ ಮಹಾ ಜೂಜುಗಾರ, ಜೀವನಪೂರ್ತಿ ದುಡಿದದ್ದನ್ನು ಇಸ್ಪೀಟು, ಕುದುರೆಗಳಿಗೆ ಸುರಿದವನು. ಅಂಥವನನ್ನು ಜೂಜಿನ ಹೋಟೆಲಿಗೆ ಕರೆಸಿ ಸಂಭಾವನೆ ಕೊಡುವುದು ಮಾಲೀಕನ ದೃಷ್ಟಿಯಿಂದ ಅಷ್ಟೇನೂ ನಷ್ಟದ ಬಾಬತ್ತಲ್ಲ! ಈ ಕಲಾವಿದರೆಲ್ಲ ಎಲ್ಕೊವನ್ನು ಹುಡುಕಿಕೊಂಡು ಬಂದವರಲ್ಲ. ಮೊದಲೇ ಹೇಳಿದೆನಲ್ಲ, ರೈಲು ಇಲ್ಲಿ ನಿಲ್ಲುತ್ತಿತ್ತು. ಪೂರ್ವದಲ್ಲಿ ಒಂದು ಕರಾರು, ಪಶ್ಚಿಮದಲ್ಲಿ ಇನ್ನೊಂದು ಕರಾರು ಇರುವ ತಂಡಕ್ಕೆ ನಡುವಿನ ವಾರ ಖಾಲಿ. ಆ ಖಾಲಿ ವಾರಕ್ಕೆ ಹಣ ಬರುವುದಾದರೆ ದನದ ಊರಾದರೇನು, ರಾಜಧಾನಿಯಾದರೇನು? ನೆರೆಯಲ್ಲೇ ಸ್ಟಾಕ್‌ಮೆನ್ಸ್ ಮೊದಲಾದ ಹೋಟೆಲುಗಳು ಎದ್ದು ಪೈಪೋಟಿಗೂ ನಿಂತವು.

ಹಾಗಾದರೆ ಲಾಸ್ ವೇಗಾಸ್ ಆಗ ಏನು ಮಾಡುತ್ತಿತ್ತು? 1940ರಲ್ಲಿ ಅಲ್ಲಿನ ಜನಸಂಖ್ಯೆ 8,422, ಎಲ್ಕೊದ ಎರಡು ಪಟ್ಟು ಮಾತ್ರ. ಅಲ್ಲಿಯೂ ಹಾಡು ಕುಣಿತ ಇತ್ತು. 1931ರಲ್ಲೇ ಮೆಡೋಸ್ ಎಂಬ ಕ್ಲಬ್ ವೇದಿಕೆ ಕಾರ್ಯಕ್ರಮಗಳೊಂದಿಗೆ ತೆರೆದಿತ್ತು. ಅದೇ ವರ್ಷ ಅದರ ಹೋಟೆಲಿಗೆ ಬೆಂಕಿ ಬಿತ್ತು. 1941ರ ಏಪ್ರಿಲ್ 3ರಂದು, ಅಂದರೆ ಲೂಯಿಸ್ ಎಲ್ಕೊದಲ್ಲಿ ಟೋಪಿ ಉರುಳಿಸುವುದಕ್ಕೆ ಇಪ್ಪತ್ಮೂರು ದಿನ ಮೊದಲು, ಥಾಮಸ್ ಹಲ್ ಎಂಬಾತ ಊರ ಹೊರಗಿನ ಹೆದ್ದಾರಿಯಲ್ಲಿ ಎಲ್ ರಾಂಚೊ ವೇಗಾಸ್ ಹೋಟೆಲ್ ತೆರೆದ. ಇಂದಿನ ಪ್ರಸಿದ್ಧ 'ಸ್ಟ್ರಿಪ್' ರಸ್ತೆಯ ಮೊದಲ ಹೋಟೆಲ್ ಅದು. ಅಲ್ಲಿ ಊಟದ ಜೊತೆಗೆ ಹಾಡು ಕುಣಿತವೂ ಇತ್ತು. ಆದ್ದರಿಂದ ಜೂಜುಕಟ್ಟೆಗೆ ಮನರಂಜನೆ ತಂದದ್ದೇ ಎಲ್ಕೊ ಎಂದರೆ ತಪ್ಪಾಗುತ್ತದೆ. ದೇಶಕ್ಕೆಲ್ಲ ಗೊತ್ತಿದ್ದ ಹೆಸರನ್ನು ಭಾರಿ ಬೆಲೆ ಕೊಟ್ಟು ತಂದು, ಆ ಹೆಸರಿನ ಮೇಲೆ ಜನ ಸೇರಿಸುವ ಉಪಾಯವನ್ನು ಮೊದಲು ಮಾಡಿ ತೋರಿಸಿದ್ದು ಎಲ್ಕೊ ಎಂದರೆ ಸರಿ. ಎರಡರ ನಡುವಿನ ಅಂತರ ಕೂದಲೆಳೆಯಷ್ಟು ಎನ್ನಿಸಬಹುದು. ಆದರೆ ಮುಂದಿನ ನೂರಾರು ಕೋಟಿ ಡಾಲರುಗಳ ವ್ಯವಹಾರ ನಿಂತಿರುವುದು ಆ ಕೂದಲೆಳೆಯ ಮೇಲೇ.

ದಕ್ಷಿಣದವರು ಪಾಠ ಕಲಿಯಲು ತಡ ಮಾಡಲಿಲ್ಲ. 1942ರಲ್ಲಿ ಲಾಸ್ ವೇಗಾಸ್‌ನಲ್ಲಿ ಲಾಸ್ಟ್ ಫ್ರಾಂಟಿಯರ್ ಹೋಟೆಲ್ ಬಂತು. 1944ರಲ್ಲಿ ಅದೇ ಸೋಫಿ ಟಕ್ಕರ್ ಅಲ್ಲಿ ಹಾಡಿದಳು. ಆ ವರ್ಷವೇ ಪಿಯಾನೊ ವಾದಕ ಲಿಬರಾಚಿ ಅಲ್ಲಿಗೆ ಮೊದಲ ಬಾರಿ ಬಂದ. 1946ರ ಡಿಸೆಂಬರ್ 26ರಂದು ಬಗ್ಸಿ ಸೀಗಲ್ ಎಂಬ ಭೂಗತ ದೊರೆಯ ಫ್ಲಮಿಂಗೊ ಹೋಟೆಲ್ ನಗೆಗಾರ ಜಿಮ್ಮಿ ಡ್ಯುರಾಂಟಿ, ಬ್ಯಾಂಡಿನ ಝೇವಿಯರ್ ಕುಗಾಟ್ ಅವರೊಂದಿಗೆ ತೆರೆಯಿತು. 1955ರಲ್ಲಿ ರಿವಿಯೆರಾ ಹೋಟೆಲಿನ ಆರಂಭಕ್ಕೆ ಲಿಬರಾಚಿಗೆ ಕೊಟ್ಟದ್ದು ವಾರಕ್ಕೆ 50,000 ಡಾಲರ್. ಹದಿನಾಲ್ಕು ವರ್ಷಗಳ ಹಿಂದೆ ಎಲ್ಕೊದಲ್ಲಿ ಇಡೀ ತಂಡಕ್ಕೆ ಎಂಟು ದಿನಕ್ಕೆ ಕೊಟ್ಟದ್ದರ ನಾಲ್ಕು ಪಟ್ಟಿಗೂ ಹೆಚ್ಚು.

ಈ ಹರಾಜಿನಲ್ಲಿ ಎಲ್ಕೊ ಕೂಗುವುದಾದರೂ ಎಷ್ಟು ಎತ್ತರಕ್ಕೆ? ಲಾಸ್ ವೇಗಾಸ್‌ಗೆ ಬೆನ್ನಿಗೆ ಲಾಸ್ ಏಂಜಲೀಸ್ ಇತ್ತು, ಕಾರಿನಲ್ಲಿ ಒಂದೇ ದಿನದ ಹಾದಿ. ಲಕ್ಷಾಂತರ ಜನ, ಯುದ್ಧಕಾಲದ ಕಾರ್ಖಾನೆಗಳ ದುಡ್ಡು, ಹಾಲಿವುಡ್ಡಿನ ನಟನಟಿಯರು. ಎಲ್ಕೊಗೆ ಹತ್ತಿರದ ದೊಡ್ಡ ಊರು ಸಾಲ್ಟ್ ಲೇಕ್ ಸಿಟಿ. ಅದೋ, ಜೂಜು ಪಾಪವೆಂದು ಸಾರುವ ಮಾರ್ಮನ್ ಪಂಥದ ಕೇಂದ್ರ. ಇದರ ಮೇಲೆ 1944ರಲ್ಲಿ ಅಮೆರಿಕ ಸರ್ಕಾರ ಹಾಡು ಕುಣಿತ ಇರುವ ಊಟದ ಮನೆಗಳ ಬಿಲ್ಲಿಗೆ ಶೇಕಡ 30ರ ಯುದ್ಧ ತೆರಿಗೆ ಹಾಕಿತು. ಕೆಲವೇ ತಿಂಗಳಲ್ಲಿ ಅದನ್ನು ಶೇಕಡ 20ಕ್ಕೆ ಇಳಿಸಿದರೂ ಯುದ್ಧ ಮುಗಿದು ವರ್ಷಗಳಾದ ಮೇಲೂ ಪೂರ್ತಿ ತೆಗೆಯಲಿಲ್ಲ. ದೊಡ್ಡ ವಾದ್ಯವೃಂದಗಳ ಕಾಲವೇ ಮುಗಿಯುತ್ತ ಬಂತು. ನಂತರ ಟೆಲಿವಿಷನ್. ಕಲಾವಿದರು ವಿಮಾನ ಹತ್ತಿದರು. ನಡುದಾರಿಯ ಊರಿನ ಖಾಲಿ ವಾರ ಎಂಬುದೇ ಇಲ್ಲವಾಯಿತು.

ಎಲ್ಕೊಗೆ ದಕ್ಕಿ ಉಳಿದ ದೊಡ್ಡ ತಾರೆ ಒಬ್ಬನೇ, ಅವನೂ ಬೇರೆ ಕಾರಣಕ್ಕೆ. ಗಾಯಕ, ನಟ ಬಿಂಗ್ ಕ್ರಾಸ್ಬಿ 1940ರ ದಶಕದಲ್ಲಿ ಎಲ್ಕೊ ಕೌಂಟಿಯಲ್ಲಿ ಹುಲ್ಲುಗಾವಲುಗಳನ್ನು ಕೊಂಡ, ದನ ಸಾಕಿದ, ಮಕ್ಕಳನ್ನು ಬೇಸಿಗೆಯಲ್ಲಿ ಅಲ್ಲಿ ಕೆಲಸಕ್ಕೆ ಹಚ್ಚಿದ. ಊರಿನವರು 1948ರಲ್ಲಿ ಅವನನ್ನು ಗೌರವ ಮೇಯರ್ ಮಾಡಿದರು. 1951ರಲ್ಲಿ ಅವನ ಒಂದು ಚಿತ್ರದ ಮೊದಲ ಪ್ರದರ್ಶನವೇ ಎಲ್ಕೊದಲ್ಲಿ ನಡೆಯಿತು. ಅದೇ ವರ್ಷದ ಇನ್ನೊಂದು ಪ್ರಸಂಗ ಬಿಡುವಂಥದ್ದಲ್ಲ. ಕೆನಡಾದ ವ್ಯಾಂಕೂವರ್‌ನ ಹೋಟೆಲೊಂದರಲ್ಲಿ ಕ್ರಾಸ್ಬಿ ಒರಟು ಜೀನ್ಸ್ ಬಟ್ಟೆ ತೊಟ್ಟು ಹೋದಾಗ, ಇಂಥ ವೇಷದವರಿಗೆ ಕೋಣೆ ಇಲ್ಲ ಎಂದು ಗುಮಾಸ್ತ ತಡೆದನಂತೆ. ಸುದ್ದಿ ಕೇಳಿದ ಲಿವೈಸ್ ಕಂಪೆನಿ ಅದೇ ಜೀನ್ಸ್ ಬಟ್ಟೆಯಲ್ಲಿ ಔತಣಕೂಟಕ್ಕೆ ತೊಡುವಂಥ ಕೋಟು ಹೊಲಿಸಿತು. ಎಲ್ಕೊದ ರೋಡಿಯೊ ಉತ್ಸವದಲ್ಲಿ ಅದನ್ನು ಅವನಿಗೆ ತೊಡಿಸಿದರು. ಕೋಟಿನ ಒಳಗೆ, ಇದನ್ನು ತೊಟ್ಟವನನ್ನು ಯಾವ ಹೋಟೆಲಿನವರೂ ತಡೆಯಬಾರದು ಎಂಬ ಸೂಚನೆಯ ಚರ್ಮದ ಚೀಟಿ ಬೇರೆ! ನೆವಾಡದ ಹೋಟೆಲುಗಳ ಬಾಗಿಲಲ್ಲಿ ಬಟ್ಟೆಗಾಗಿ ಅಲ್ಲ, ಬಣ್ಣಕ್ಕಾಗಿ ನಿಂತವರಿಗೆ ಅಂಥ ಚೀಟಿಯನ್ನು ಯಾರೂ ಹೊಲಿದುಕೊಟ್ಟಿರಲಿಲ್ಲ.

ಎಲ್ಕೊ ಕಲಿಸಿದ್ದು ಹತ್ತಿರದಲ್ಲೂ ಹರಡಿತು. ಉತ್ತರದ ಐಡಹೊ ರಾಜ್ಯ 1954ರಲ್ಲಿ ನಾಣ್ಯದ ಜೂಜುಯಂತ್ರಗಳನ್ನು ನಿಷೇಧಿಸಿದಾಗ ಅಲ್ಲಿನ ವ್ಯಾಪಾರಿಗಳು ಸುಮ್ಮನೆ ಗಡಿ ದಾಟಿ ಎಲ್ಕೊ ಕೌಂಟಿಯೊಳಗೆ ಬಂದು ಕೂತರು. ಅಲ್ಲಿ ಹುಟ್ಟಿದ ಊರಿಗೆ ಜಾಕ್‌ಪಾಟ್ ಎಂದೇ ಹೆಸರು. ಪೀಟ್ ಪಿಯರ್‌ಸಾಂಟಿಯ 'ಕ್ಯಾಕ್ಟಸ್ ಪೀಟ್ಸ್' ಅದರ ಮುಖ್ಯ ಮನೆ. ಸಾವಿರದ ಆಸುಪಾಸಿನ ಜನವಸತಿಯ ಈ ಊರಲ್ಲೂ ಒಂದು ಪ್ರದರ್ಶನ ಮಂದಿರ ಎದ್ದಿತು. ಗಿರಾಕಿಗಳು ಐಡಹೊದವರಾದ್ದರಿಂದ ಗಡಿಯಾರವೂ ನೆವಾಡದ್ದಲ್ಲ, ಐಡಹೊದ ಕಡೆಯದು. ಗಿರಾಕಿಯೇ ದೇವರು ಎನ್ನುವವರು ಹೊತ್ತನ್ನೂ ಅವನಿಗೆ ಒಪ್ಪಿಸಿದ ಉದಾಹರಣೆ ಇದಲ್ಲದೆ ಇನ್ನೆಲ್ಲಿದೆಯೋ ತಿಳಿಯದು.

ಕಮರ್ಷಿಯಲ್ ಹೋಟೆಲಿಗೂ ಮುಂದೊಬ್ಬ ಹೊಸ ಆಕರ್ಷಣೆ ಬಂದ. ಅವನಿಗೆ ಸಂಭಾವನೆ ಕೊಡಬೇಕಿರಲಿಲ್ಲ, ಊಟವೂ ಬೇಕಿರಲಿಲ್ಲ. ಅಲಾಸ್ಕದಲ್ಲಿ ಬೇಟೆಯಾಡಿದ ದೈತ್ಯ ಹಿಮಕರಡಿಯ ಸಂರಕ್ಷಿಸಿಟ್ಟ ದೇಹ ಅದು: 10 ಅಡಿ 4 ಇಂಚು ಎತ್ತರ, ಬದುಕಿದ್ದಾಗ 2,200 ಪೌಂಡ್ ತೂಕ ಎಂದು ಫಲಕ. ಹೆಸರು 'ವೈಟ್ ಕಿಂಗ್'. ಗಾಜಿನ ಪೆಟ್ಟಿಗೆಯೊಳಗೆ ಹಿಂಗಾಲ ಮೇಲೆ ನಿಂತ ಕರಡಿಯನ್ನು ನೋಡಲು ಹೆದ್ದಾರಿಯ ಕುಟುಂಬಗಳು ಕಾರು ನಿಲ್ಲಿಸಿ ಒಳಗೆ ಬರುತ್ತಿದ್ದವು. ಮಕ್ಕಳು ಕರಡಿಯ ಮುಂದೆ ಬಾಯಿಬಿಟ್ಟು ನಿಂತರೆ ದೊಡ್ಡವರು ಯಂತ್ರದ ಹಿಡಿ ಎಳೆಯುತ್ತಿದ್ದರು. ಟೆಡ್ ಲೂಯಿಸ್ ಮಾಡಿದ ಕೆಲಸವನ್ನೇ ಕರಡಿ ಮಾಡಿತು, ಅದೂ ಕರಾರಿಲ್ಲದೆ.

ಮಗ ಕ್ರಮ್ಲಿ ಆ ಹೊತ್ತಿಗೆ ರೀನೊಗೆ ಹೋಗಿದ್ದ. ಅಲ್ಲಿ ಹಾಲಿಡೇ ಎಂಬ ಹೊಸ ಹೋಟೆಲನ್ನು ಜೂಜುಕಟ್ಟೆ ಇಲ್ಲದೆ ತೆರೆದು ಮಾಲೀಕರು ಕೈ ಸುಟ್ಟುಕೊಂಡಿದ್ದರು. ಕ್ರಮ್ಲಿ 1957ರಲ್ಲಿ ಅದನ್ನು ಕೊಂಡು, ಜೂಜಿನ ಮೇಜುಗಳನ್ನು ಹಾಕಿಸಿ ದಡ ಮುಟ್ಟಿಸಿದ. 1962ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಲಾಸ್ ವೇಗಾಸ್‌ನ ಕಥೆ ಹೇಳುವವರು ಸೀಗಲ್‌ನ ಕೊಲೆಯನ್ನು ಪುಟಗಟ್ಟಲೆ ವರ್ಣಿಸುತ್ತಾರೆ. ಕ್ರಮ್ಲಿಗೆ ಅದರಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಗುಂಡಿಗೆ ಬಲಿಯಾದವನಿಗೆ ಸಿಗುವ ಪ್ರಚಾರ ಲೆಕ್ಕ ಬಲ್ಲವನಿಗೆ ಸಿಗುವುದಿಲ್ಲ.

ಎಲ್ಕೊ ಮಾತ್ರ ಮುಳುಗಲಿಲ್ಲ. 1960ರ ದಶಕದಲ್ಲಿ ಪಕ್ಕದ ಕಾರ್ಲಿನ್ ಪ್ರದೇಶದಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಚಿನ್ನದ ಭಾರಿ ನಿಕ್ಷೇಪದ ಗಣಿಗಾರಿಕೆ ಆರಂಭವಾಯಿತು. 1980ರ ದಶಕದಲ್ಲಿ ಅದು ರಭಸ ಪಡೆದು ಊರು ಬೆಳೆಯಿತು. 2020ರ ಜನಗಣತಿಯಲ್ಲಿ ಅಲ್ಲಿದ್ದವರು 20,564 ಮಂದಿ. ಪೇಟೆಯ ನಡುವೆ ಹೋಟೆಲುಗಳ ಎದುರಿಗೇ ಓಡುತ್ತಿದ್ದ ರೈಲು ಹಳಿಗಳನ್ನು 1983ರಲ್ಲಿ ಊರ ಅಂಚಿಗೆ ಸರಿಸಿದರು.

ಅದಾದ ಎರಡು ವರ್ಷಕ್ಕೆ, 1985ರ ಜನವರಿಯಲ್ಲಿ, ಜಾನಪದ ವಿದ್ವಾಂಸರು ಕೆಲವರು ಸೇರಿ ಎಲ್ಕೊದಲ್ಲಿ ಕೌಬಾಯ್ ಕವಿಗಳ ಮೇಳ ಏರ್ಪಡಿಸಿದರು. ದನ ಕಾಯುತ್ತ ಕಟ್ಟಿದ ಪದ್ಯಗಳನ್ನು ಬಾಯಿಪಾಠ ಹೇಳುವ ಮಂದಿ ಪಶ್ಚಿಮದ ಮೂಲೆಮೂಲೆಗಳಿಂದ ಬಂದರು. ಜನವರಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ಹುಲ್ಲುಗಾವಲಿನ ಕೆಲಸಕ್ಕೆ ಒಂದಿಷ್ಟು ಬಿಡುವು ಸಿಗುವುದು ಆ ಕೊರೆಯುವ ಚಳಿಯಲ್ಲೇ. ಒಂದು ಸಲಕ್ಕೆಂದು ಮಾಡಿದ ಮೇಳ ವರ್ಷವರ್ಷದ ಜಾತ್ರೆಯಾಯಿತು. 2000ದಲ್ಲಿ ಅಮೆರಿಕದ ಸೆನೆಟ್ ಅದಕ್ಕೆ ರಾಷ್ಟ್ರೀಯ ಮೇಳವೆಂಬ ಮನ್ನಣೆ ನೀಡಿತು. ಮೇಳ ನಡೆಸುವ ಜಾನಪದ ಕೇಂದ್ರಕ್ಕೆ ಕಚೇರಿಯಾದದ್ದು ಊರಿನ ಹಳೆಯ ಪಯೊನಿಯರ್ ಹೋಟೆಲ್. ಅದರ ಮರದ ಹಳೆಯ ಬಾರ್ ಕಟ್ಟೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಕ್ರಾಸ್ಬಿಯ ಜೀನ್ಸ್ ಕೋಟು ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿದೆ.